ಕಫ ಹಸಿರಾದ್ರ ಸೂಜಿ ಬೇಕೇನ್ರಿ?

ಪ್ರಶ್ನೆ: ಡಾಕ್ಟರ್ ಸಾಹೇಬ್ರ, ಮೊದಲು ಮೂಗು ಸೋರ್ತು, ಆಮ್ಯಾಲ ಮೈಕೈ ನೋವು, ಜ್ವರ, ಈಗ ಐದನೇ ದಿನ ಕಫ ಹಸಿರಾಗ್ಯಾದ. ಎದಿ ಕೆಟ್ಟದ, ಸೂಜಿ ಮಾಡಿಸ್ಕೊಂಡು ಬಾ ಅಂತಾಳ ನಮ್ಮವ್ವ. ದಾಲ್‌ಮಿಲ್‌ನ್ಯಾಗ ಕೆಲಸ ನಂದು, ಧೂಳಿಗಿ ಹಿಂಗ ಆಗ್ಯಾದೇನು?
ಓದುಗರೊಬ್ಬರು, ಕಲಬುರಗಿ

ಉತ್ತರ: ಆ ಹಸಿರು ನಿಮ್ಮವೇ ಬಿಳಿ ರಕ್ತಕಣಗಳದ್ರಿ. ನ್ಯೂಟ್ರೋಫಿಲ್ ಅಂತಾರ, ಅವುಗಳ ಒಳಗಿರೋ ಮೈಲೋಪೆರಾಕ್ಸಿಡೇಸ್ ಅನ್ನೋ ಕಿಣ್ವದ ಬಣ್ಣನೇ ಹಸಿರು, ಹೊಡೆದಾಡಿ ಸತ್ತ ಕಣಗಳು ಕಫದಾಗ ಬಂದ್ರ ಬಣ್ಣಾನೂ ಬರ್ತದ. ವೈರಸ್‌ಗೂ ಹಿಂಗ ಆಗ್ತದ, ಬಣ್ಣ ನೋಡಿ ಆಂಟಿಬಯಾಟಿಕ್ ತಗೋಬ್ಯಾಡ್ರಿ, ಅದು ವೈರಸ್ಸಿಗಿ ಏನೂ ಮಾಡಂಗಿಲ್ಲ.

ಧೂಳಿನ ಮಾತು ಬ್ಯಾರೆ. ನಮ್ಮ ಪುಪ್ಪುಸದಾಗ 30 ರಿಂದ 50 ಕೋಟಿ ಗಾಳಿಚೀಲ ಅದಾವ, ಅಲ್ಲಿ ಕಾವಲಿಗಿ ಮ್ಯಾಕ್ರೊಫೇಜ್ ಅನ್ನೋ ಕಣ ಇರ್ತಾವ, ಒಳಗ ಬಂದ ಸಣ್ಣ ಧೂಳು ನುಂಗೋದೂ ಅವೇ, ವೈರಸ್ ನುಂಗೋದೂ ಅವೇ. ಹಂಗಾಗಿ ಮಿಲ್‌ನ್ಯಾಗ ಮಾಸ್ಕ್ ಹಾಕ್ಕೊಳ್ರಿ, ಜ್ವರ ತಂದಿದ್ದು ಮಾತ್ರ ಧೂಳಲ್ಲ, ವೈರಸ್ಸು.

ವೈರಸ್ ಹೊಕ್ಕ ಜೀವಕೋಶ ಸುಮ್ಮನ ಸಾಯಂಗಿಲ್ರಿ, ಇಂಟರ್‌ಫೆರಾನ್ ಅನ್ನೋ ಪ್ರೋಟೀನ್ ಬಿಟ್ಟು ಆಜೂಬಾಜೂದವುಕ್ಕ ಹುಷಾರ್ ಅಂತ ಸುದ್ದಿ ಮುಟ್ಟಸ್ತದ. 1957ರಾಗ ಲಂಡನ್ನಿನಾಗ ಐಸಾಕ್ಸ್, ಲಿಂಡೆನ್‌ಮನ್ ಅನ್ನೋ ವಿಜ್ಞಾನಿಗಳು ಕೋಳಿತತ್ತಿ ಒಳಗಿನ ಪೊರಿಗಿ ಫ್ಲೂ ವೈರಸ್ ಹಾಕಿ ಇದನ್ನ ಕಂಡು ಹಿಡಿದ್ರು. ನಿಮ್ಮ ಮೈಕೈ ನೋವು, ಚಳಿ ಜ್ವರ ಭಾಳಷ್ಟು ಇದರದ್ದೇ ಕಾರುಬಾರು. ಹೆಂಗ ಗೊತ್ತಂದ್ರ, ಹೆಪಟೈಟಿಸ್ ಸಿ ಅನ್ನೋ ಲಿವರ್ ರೋಗ ಇದ್ದವರಿಗಿ ಮೊದಲು ಇಂಟರ್‌ಫೆರಾನ್ ಸೂಜಿನೇ ಕೊಡ್ತಿದ್ರು, ಫ್ಲೂ ಇಲ್ದವರಿಗೂ ಫ್ಲೂ ಬಂದಂಗೇ ಮೈ ಮುರೀತಿತ್ತು!

ಇನ್ನ ಟಿ ಕಣಗಳು, ಇವೂ ಒಂದು ನಮೂನಿ ಬಿಳಿ ರಕ್ತಕಣಾನೇ. ವೈರಸ್ಸಿನ ತುಣುಕು ದುಗ್ಧಗ್ರಂಥಿಗಿ ಮುಟ್ಟಿ, ಅದಕ್ಕ ಹೊಂದೋ ಟಿ ಕಣ ತಯಾರಾಗಿ ಪುಪ್ಪುಸಕ್ಕ ಬರ್ಲಿಕ್ಕಿ ಐದಾರು ದಿನ ಹಿಡೀತದ, ನೀವು ಈಗ ಅಲ್ಲೇ ಇದ್ದೀರಿ. ಅವು ವೈರಸ್ ಹೊಕ್ಕ ನಮ್ಮವೇ ಜೀವಕೋಶ ಕೊಲ್ತಾವ, ಶ್ವಾಸನಾಳದ ಒಳಪದರ ಅಲ್ಲಲ್ಲಿ ಕಿತ್ತಂಗ ಆಗ್ತದ, ಜ್ವರ ಹೋದ್ರೂ ಒಣಕೆಮ್ಮು ಮೂರು ನಾಕು ವಾರ ಉಳಿಯೋದು ಅದಕ್ಕೇ.

ಈ ಹೊಡೆದಾಟ ತಗ್ಗಸ್ಲಿಕ್ಕಿ ಅಂತ ಸ್ಟೀರಾಯ್ಡ್ ಗುಳಿಗಿ ಅಂಗಡ್ಯಾಗ ಕೇಳಿ ತರಬ್ಯಾಡ್ರಿ. 2020ರ ಬ್ರಿಟನ್ನಿನ ರಿಕವರಿ ಅನ್ನೋ ಔಷಧ ಪರೀಕ್ಷೆದಾಗ ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಉಳಿಸಿದ್ದು ಆಕ್ಸಿಜನ್ ಹಚ್ಚಿದ ಕೋವಿಡ್ ರೋಗಿಗಳನ್ನ, ಆಕ್ಸಿಜನ್ ಬ್ಯಾಡಾದವರಿಗಿ ಉಪಯೋಗ ಆಗ್ಲಿಲ್ಲ.

ದಮ್ಮು ಹತ್ತಿದ್ರ, ಕಫದಾಗ ರಕ್ತ ಕಂಡ್ರ, ಇಲ್ಲಾ ಇಳಿದ ಜ್ವರ ಮತ್ತ ಏರಿದ್ರ ದವಾಖಾನಿಗಿ ಹೋಗ್ರಿ, ವೈರಸ್ ಬೆನ್ನಿಗಿ ಬ್ಯಾಕ್ಟೀರಿಯಾ ನ್ಯುಮೋನಿಯಾ ಬರೋದದ, ಆವಾಗ ಅವ್ವನ ಸೂಜಿ ಖರೇನೇ ಬೇಕಾಗಬಹುದು. ಕೆಮ್ಮು ಎರಡು ವಾರ ದಾಟಿದ್ರ ಟಿಬಿಗಿ ಕಫ ಟೆಸ್ಟ್ ಮಾಡಿಸ್ರಿ, ಸರಕಾರಿ ದವಾಖಾನ್ಯಾಗ ಫ್ರೀ ಅದ.