ಮೊಸರಿನ ಡ್ರೆಸ್ಸಿಂಗ್ ನೀರು ನೀರಾಗ್ತಿದೆಯಾ?

ಪ್ರಶ್ನೆ: ಮಗಳು ರಾತ್ರಿ ಊಟಕ್ಕೆ ಬರೀ ಸಲಾಡ್ ಸಾಕು ಅಂತಾಳೆ. ಅಂಗಡಿಯ ಬಾಟಲಿ ಡ್ರೆಸ್ಸಿಂಗ್‌ನಲ್ಲಿ ಎಣ್ಣೆ ಜಾಸ್ತಿ. ಮೊಸರಲ್ಲಿ ಮಾಡಿಕೊಟ್ಟರೆ ಐದೇ ನಿಮಿಷಕ್ಕೆ ಬಟ್ಟಲ ತಳದಲ್ಲಿ ನೀರು ನಿಲ್ಲುತ್ತದೆ. ಮೊಟ್ಟೆ ಹಾಕದೆ ಗಟ್ಟಿಯಾಗಿ, ನುಣ್ಣಗೆ ಮಾಡುವುದು ಹೇಗೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನೀವು ಎಣ್ಣೆ ಬಗ್ಗೆ ಹೇಳಿದ್ದು ಸರಿ. ಅಂಗಡಿಯಲ್ಲಿ ಸಿಗುವ ಮೇಯೊನೀಸ್‌ನಲ್ಲಿ (ಎಣ್ಣೆ, ಮೊಟ್ಟೆ ಕಡೆದು ಮಾಡುವ ಬಿಳಿ ಡ್ರೆಸ್ಸಿಂಗ್) ಹೆಚ್ಚುಕಡಿಮೆ ಮುಕ್ಕಾಲು ಪಾಲು ಎಣ್ಣೆಯೇ ಇರುತ್ತದೆ, ಒಂದು ದೊಡ್ಡ ಚಮಚ ಎಣ್ಣೆ ಅಂದರೆ ಸುಮಾರು 120 ಕ್ಯಾಲರಿ. ಇನ್ನು ನೀರಿನ ವಿಷಯ. ಅದು ಎರಡು ಕಡೆಯಿಂದ ಬರುತ್ತದೆ, ಮೊಸರಿನಿಂದ ಮತ್ತು ತರಕಾರಿಯಿಂದ. ತುಂಬಾ ಜನ ಮೊಸರನ್ನಷ್ಟೇ ಬೈಯುತ್ತಾರೆ.

ಅರ್ಧ ಕೆ.ಜಿ. ಗಟ್ಟಿ ಮೊಸರನ್ನು ತೆಳು ಹತ್ತಿ ಬಟ್ಟೆಗೆ ಹಾಕಿ ಗಂಟು ಕಟ್ಟಿ, ಜರಡಿಯ ಮೇಲಿಟ್ಟು, ಕೆಳಗೊಂದು ಪಾತ್ರೆ ಕೊಟ್ಟು ಫ್ರಿಜ್ಜಿನಲ್ಲಿ 3–4 ಗಂಟೆ ಬಿಡಿ. ನಲ್ಲಿಗೆ ನೇತುಹಾಕಬಹುದು, ಆದರೆ ನಿಮ್ಮೂರಿನ ಬೇಸಿಗೆಯಲ್ಲಿ ಹುಳಿ ಏರಿಬಿಡುತ್ತದೆ. ಹೆಚ್ಚುಕಡಿಮೆ ಅರ್ಧದಷ್ಟು ಗಟ್ಟಿ ಮೊಸರು ಉಳಿಯುತ್ತದೆ. ಇಳಿದ ನೀರನ್ನು ಚೆಲ್ಲಬೇಡಿ, ಚಪಾತಿ ಹಿಟ್ಟು ಕಲಸಲು ಆಗುತ್ತದೆ.

ಅರ್ಧ ಚಮಚ ಸಾಸಿವೆ ಪುಡಿಯನ್ನು ಸ್ವಲ್ಪ ತಣ್ಣೀರಲ್ಲಿ ಕಲಸಿ ಹತ್ತು ನಿಮಿಷ ಬಿಡಿ. ಘಾಟು ಬರುವುದು ಆಗಲೇ. ಬಿಸಿನೀರು ಹಾಕಿದರೆ ಸರಿಯಾಗಿ ಏಳುವುದೇ ಇಲ್ಲ. ಮಲೆನಾಡು, ಕರಾವಳಿ ಕಡೆ ಸೌತೆಕಾಯಿ ಸಾಸಿವೆ ಮಾಡುವವರಿಗೆ ಮೊಸರಿಗೂ ಸಾಸಿವೆಗೂ ಎಷ್ಟು ಹೊಂದುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ. ಇದನ್ನು ಒಂದು ಬಟ್ಟಲು ಗಟ್ಟಿ ಮೊಸರಿಗೆ ಹಾಕಿ, ಜಜ್ಜಿದ ಬೆಳ್ಳುಳ್ಳಿ ಅರ್ಧ ಎಸಳು, ಕುಟ್ಟಿದ ಕಾಳುಮೆಣಸು, ಚಿಟಿಕೆ ಸಕ್ಕರೆ, ಎರಡು ಚಿಕ್ಕ ಚಮಚ ಎಣ್ಣೆ ಸೇರಿಸಿ. ಕಡಲೆಕಾಯಿ ಎಣ್ಣೆಯೇ ಸಾಕು, ಆಲಿವ್ ಎಣ್ಣೆ ಬೇಕೇ ಬೇಕು ಅಂತೇನಿಲ್ಲ. ನಿಂಬೆರಸ ರುಚಿ ನೋಡಿ ಹಾಕಿ, ಮೊಸರು ಮೊದಲೇ ಹುಳಿ ಇದ್ದರೆ ಬೇಡ. ಚಮಚದಿಂದ ಕಲಸಿದರೆ ಸಾಕು. ಮಿಕ್ಸಿಗೆ ಮಾತ್ರ ಹಾಕಬೇಡಿ, ಅಷ್ಟು ಹೊತ್ತು ಕಾದು ಗಟ್ಟಿ ಮಾಡಿದ್ದು ಮತ್ತೆ ತೆಳ್ಳಗಾಗುತ್ತದೆ. ತೀರಾ ಗಟ್ಟಿ ಅನಿಸಿದರೆ ಒಂದು ಚಮಚ ಹಾಲು.

ತರಕಾರಿಗೆ ಉಪ್ಪು ತಗುಲಿದ ತಕ್ಷಣ ನೀರು ಬಿಡಲು ಶುರು. ಅದಕ್ಕೇ ಕೋಸಂಬರಿಗೆ ಉಪ್ಪು ಬಡಿಸುವ ಹೊತ್ತಿಗೆ ಹಾಕುವುದು. ಇಲ್ಲೂ ಹಾಗೇ ಮಾಡಿ. ಇಲ್ಲವೇ ಸೌತೆಕಾಯಿಯ ತಿರುಳು ತೆಗೆದು, ಹೋಳಿಗೆ ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು ಹಿಂಡಿಬಿಡಿ, ಆಗ ಡ್ರೆಸ್ಸಿಂಗ್‌ಗೆ ಬೇರೆ ಉಪ್ಪು ಬೇಡ. ಸೊಪ್ಪನ್ನು ತೊಳೆದ ಮೇಲೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಒದ್ದೆ ಎಲೆಗೆ ಡ್ರೆಸ್ಸಿಂಗ್ ಅಂಟುವುದಿಲ್ಲ.

ಪ್ರಶ್ನೆ: ನನಗೆ ಮೊಸರು ಆಗುವುದಿಲ್ಲ. ಬದಲಿಗೆ ಏನಿದೆ?
– ಇನ್ನೊಬ್ಬ ಓದುಗರು, ಉಡುಪಿ

ಉತ್ತರ: ಹತ್ತು ಗೋಡಂಬಿಯನ್ನು ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ನಿಂಬೆರಸ, ಕಾಳುಮೆಣಸು, ಉಪ್ಪು ಹಾಕಿ ನುಣ್ಣಗೆ ರುಬ್ಬಿ. ಇದಕ್ಕೆ ಮಿಕ್ಸಿಯೇ ಬೇಕು. ರುಚಿ ಚೆನ್ನಾಗಿರುತ್ತದೆ, ಆದರೆ ಹಗುರ ಅಂತ ಹೇಳಲಾರೆ, ಗೋಡಂಬಿಯಲ್ಲೂ ಕೊಬ್ಬು ಸಾಕಷ್ಟಿದೆ. ತಿರುಳು ತೆಗೆದ ಅರ್ಧ ಎಳೆ ಸೌತೆಕಾಯಿ ಜೊತೆಗೆ ಹಾಕಿ ರುಬ್ಬಿದರೆ ಪ್ರಮಾಣವೂ ಹೆಚ್ಚುತ್ತದೆ, ಜಿಡ್ಡೂ ಕಡಿಮೆ ಅನಿಸುತ್ತದೆ. ಫ್ರಿಜ್ಜಿನಲ್ಲಿಟ್ಟು ಮರುದಿನದೊಳಗೆ ಮುಗಿಸಿ.