ಪ್ರತಿಕ್ರಿಯೆ: ಹಳಿ ಕೆಳಗಿನ ಮಣ್ಣಿಗೆ ಯಾವ ಸೆಲ್ ಹಾಕಬೇಕು?

ಹಳಿ ಕೆಳಗಿನ ಮಣ್ಣಿನ ಒತ್ತಡ ಅಳೆಯಲು ವೈಬ್ರೇಟಿಂಗ್ ವೈರ್ ಪ್ರೆಶರ್ ಸೆಲ್ (ಬಿಗಿದ ತಂತಿಯ ಕಂಪನದಿಂದ ಒತ್ತಡ ಹೇಳುವ, ಮಣ್ಣಿನಲ್ಲಿ ಹೂಳುವ ಸಾಧನ) ಸಾಕಾ ಅಂತ ಕೇಳಿದ್ದೀರಿ. ಓಡುವ ರೈಲಿಗೆ ಸಾಲದು.

ಗಂಟೆಗೆ 72 ಕಿ.ಮೀ. ಅಂದರೆ ಸೆಕೆಂಡಿಗೆ 20 ಮೀಟರ್. 2 ಮೀಟರ್ ಅಂತರದ ಎರಡು ಗಾಲಿಗಳು 0.1 ಸೆಕೆಂಡಿನಲ್ಲಿ ದಾಟಿಬಿಡುತ್ತವೆ. ಸಾಮಾನ್ಯ ವೈಬ್ರೇಟಿಂಗ್ ವೈರ್ ಒಂದು ಸಲ ಓದುವಷ್ಟರಲ್ಲಿ ಬೋಗಿಯೇ ಹೋಗಿರುತ್ತದೆ. ಸ್ಟ್ರೇನ್ ಗೇಜ್ (ಲೋಹ ಸ್ವಲ್ಪ ಹಿಗ್ಗಿದರೂ ವಿದ್ಯುತ್ ಮೂಲಕ ತಕ್ಷಣ ತಿಳಿಸುವ ಪಟ್ಟಿ) ಇರುವ ಸೆಲ್ ತೆಗೆದುಕೊಳ್ಳಿ. ಅದರ ಅಳತೆಯನ್ನು ಸೆಕೆಂಡಿಗೆ ಸಾವಿರ ಸಲ ದಾಖಲಿಸುವ ಲಾಗರ್ ಯಂತ್ರ ಇದ್ದರೆ ಒಳ್ಳೆಯದು. ವೈಬ್ರೇಟಿಂಗ್ ವೈರ್ ವರ್ಷಗಟ್ಟಲೆ ನಿಧಾನವಾಗಿ ಬದಲಾಗುವ ಒತ್ತಡಕ್ಕೆ ಬಹಳ ಚೆನ್ನಾಗಿದೆ.

ನಿಜವಾದ ಕಷ್ಟ ಹೂಳುವುದರಲ್ಲಿದೆ. ಸೆಲ್ ಮಣ್ಣಿಗಿಂತ ಗಟ್ಟಿಯಾಗಿದ್ದರೆ ಭಾರವನ್ನು ತನ್ನ ಕಡೆ ಎಳೆದುಕೊಂಡು ಜಾಸ್ತಿ ತೋರಿಸುತ್ತದೆ. ಮೆತ್ತಗಿದ್ದರೆ, ಅಥವಾ ಮೇಲೆ ತುಂಬಿದ ಮಣ್ಣು ಸಡಿಲವಾಗಿದ್ದರೆ, ಭಾರ ಸುತ್ತಲಿನ ಮಣ್ಣಿಗೆ ಹೋಗಿ ಕಡಿಮೆ ತೋರಿಸುತ್ತದೆ. ಅದಕ್ಕೇ ಅಗಲವಾದ, ತೆಳ್ಳಗಿನ ಸೆಲ್ ಬೇಕು. ಅಗೆದ ಅದೇ ಮಣ್ಣನ್ನು, ಅದೇ ತೇವದಲ್ಲಿ, ತೆಳು ಪದರವಾಗಿ ದಮ್ಮಸ್ಸು ಮಾಡಿ. ಜಲ್ಲಿಕಲ್ಲು ನೇರವಾಗಿ ತಾಗಬಾರದು, ಒಂದು ಕಲ್ಲಿನ ಮೊನೆ ಸಾಕು ಲೆಕ್ಕ ಕೆಡಿಸಲು. ಕಂಪನಿ ಕೊಟ್ಟ ಕ್ಯಾಲಿಬ್ರೇಶನ್ ಹಾಳೆಯನ್ನು (ಸೆಲ್ ತೋರಿಸುವ ಅಂಕಿ ಎಷ್ಟು ಒತ್ತಡಕ್ಕೆ ಸಮ ಎಂಬ ಪಟ್ಟಿಯನ್ನು) ಸುಮ್ನೆ ನಂಬಬೇಡಿ, ನಿಮ್ಮ ಮಣ್ಣಿನಲ್ಲೇ ಒಮ್ಮೆ ಪರೀಕ್ಷಿಸಿ.

ಪಕ್ಕದಲ್ಲೊಂದು ಪೀಜೋಮೀಟರ್ (ಮಣ್ಣಿನೊಳಗಿನ ನೀರಿನ ಒತ್ತಡ ಅಳೆಯುವ ಸಾಧನ) ಖಂಡಿತ ಇಡಿ. ಸೆಲ್ ಮಣ್ಣಿನ ಒತ್ತಡ, ನೀರಿನ ಒತ್ತಡ ಎರಡನ್ನೂ ಸೇರಿಸಿ ಹೇಳುತ್ತದೆ. ಮಣ್ಣಿನ ಬಲ ಗೊತ್ತಾಗಲು ನೀರಿನದ್ದನ್ನು ಕಳೆಯಬೇಕು. ನಮ್ಮ ಕೊಡಗಿನಲ್ಲಿ ರೈಲು ಹಳಿ ಇಲ್ಲ, ಆದರೆ 2018ರ ಆಗಸ್ಟ್‌ನಲ್ಲಿ ನೀರು ಕುಡಿದ ಬೆಟ್ಟ ಹೇಗೆ ಜಾರಿತು ಅಂತ ನೋಡಿದ್ದೇವೆ, ಅಲ್ವಾ? ನೀವು ಮಡಿಕೇರಿಯವರು ಅಂದಿದ್ದೀರಿ. ಹಳಿ ಇರುವ ಮೈಸೂರು ಕಡೆ ಹೋಗಿ ಅಳೆಯುವುದಾದರೆ ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ಅಳೆಯಿರಿ.