ಅಜ್ಜಿಯ ತುಳು ನಿಲ್ಲಿಸಬೇಡಿ

ಪ್ರಶ್ನೆ: ನಮ್ಮ ಮನೆಯಲ್ಲಿ ತುಳು. ನಾಲ್ಕೂವರೆ ವರ್ಷದ ಮಗಳು ಇಂಗ್ಲಿಷ್ ಮೀಡಿಯಂ ಎಲ್‌ಕೆಜಿ. ‘ಅಜ್ಜಿ, ಎಂಕ್ ವಾಟರ್ ಬೋಡು’ ಎಂದು ಕಲಸಿ ಮಾತಾಡುತ್ತಾಳೆ. ಮನೆಯಲ್ಲೂ ಇಂಗ್ಲಿಷೇ ಮಾತಾಡಿ ಎಂದು ಶಾಲೆಯಲ್ಲಿ ಹೇಳಿದರು. ಅಂದಿನಿಂದ ಇಂಗ್ಲಿಷ್ ಬಾರದ ಅತ್ತೆ ಮಗುವಿನ ಹತ್ತಿರ ಮಾತೇ ಕಡಿಮೆ ಮಾಡಿದ್ದಾರೆ. ನಾವು ಮಾಡುತ್ತಿರುವುದು ಸರಿಯಾ ಮೇಡಂ?
– ಓದುಗರು, ಸುರತ್ಕಲ್

ಉತ್ತರ: ಸರಿಯಲ್ಲ ತಂಗಿ. ಇವತ್ತೇ ಅತ್ತೆಯ ಹತ್ತಿರ ಕೂತು ‘ನೀವು ತುಳುವಿನಲ್ಲೇ ಮಾತಾಡಿ’ ಎಂದು ಹೇಳಿ. ಪತ್ರ ಓದಿ ಮಗುವಿಗಿಂತ ಜಾಸ್ತಿ ಅವರದ್ದೇ ಯೋಚನೆಯಾಯಿತು ನನಗೆ.

ಎರಡು ಭಾಷೆ ಕೇಳಿ ಬೆಳೆಯುವ ಮಕ್ಕಳು ಕಲಸಿ ಮಾತಾಡುವುದು ಸಹಜ. ಆ ಹೊತ್ತಿಗೆ ಬಾಯಿಗೆ ಬಂದ ಪದ ಹಾಕುತ್ತಾರೆ, ಅಷ್ಟೆ. ನಿಮ್ಮ ಮಗಳ ಮಾತನ್ನೇ ನೋಡಿ. ವಾಟರ್ ಒಂದು ಬಿಟ್ಟರೆ ವಾಕ್ಯ ಪೂರಾ ತುಳು, ಒಂದು ಕಡೆಯೂ ತಪ್ಪಿಲ್ಲ.

ಇಂಗ್ಲಿಷಿನಲ್ಲಿ ‘ವಿ’ ಒಂದೇ. ಇವತ್ತಿನ ಕನ್ನಡದಲ್ಲೂ ‘ನಾವು’ ಒಂದೇ. ತುಳುವಿನಲ್ಲಿ ಎರಡು ಇದೆ ಅಲ್ವಾ? ‘ನಮ ಪೇಂಟೆಗ್ ಪೋಪ’ (ನಾವು ಪೇಟೆಗೆ ಹೋಗುತ್ತೇವೆ) ಎಂದು ಮೊಮ್ಮಗಳು ಹೇಳಿದರೆ ಅಜ್ಜಿ ಸೀರೆ ಬದಲಾಯಿಸಿ ಹೊರಡಬೇಕು. ‘ಎಂಕುಲು ಪೇಂಟೆಗ್ ಪೋಪ’ ಎಂದರೆ ಅಜ್ಜಿ ಮನೆಯಲ್ಲೇ. ಕೇಳುವವರನ್ನು ಸೇರಿಸಬೇಕೋ ಬಿಡಬೇಕೋ ಎಂದು ಪ್ರತಿ ಸಲ ಮನಸ್ಸಿನಲ್ಲೇ ಲೆಕ್ಕ ಹಾಕುವುದನ್ನು ಮಗು ಪುಸ್ತಕವಿಲ್ಲದೆ ಅಜ್ಜಿಯಿಂದ ಕಲಿಯುತ್ತದೆ. ಇದನ್ನು ಸುಮ್ನೆ ಯಾಕೆ ಕಳೆಯುವುದು?

ನಾನೂ ಕಟಪಾಡಿಯ ತುಳು ಮನೆಯವಳು. ಒಂದನೇ ಕ್ಲಾಸಿಗೆ ಸೇರಿದಾಗ ಕನ್ನಡ ಬರುತ್ತಿರಲಿಲ್ಲ. ‘ಟೀಚರ್, ಎಂಕ್ ನೀರ್ ಬೋಡು’ ಎಂದೆ. ಅವರು ಗದರಲಿಲ್ಲ. ‘ನೀರು ಬೇಕಾ? ಕುಡಿದು ಬಾ’ ಎಂದರು. ನಾನು ಕಲಿತ ಮೊದಲ ಕನ್ನಡ ಅದು. ಮುಂದೆ 31 ವರ್ಷ ಕನ್ನಡ ಪಾಠ ಮಾಡಿದೆ. ನೀವೂ ಹಾಗೆಯೇ ಮಾಡಿ. ಅವಳು ವಾಟರ್ ಎಂದರೆ ‘ನೀರ್ ಬೋಡಾ?’ ಎಂದು ಕೇಳಿ ಲೋಟ ಕೊಡಿ. ನಗಬೇಡಿ, ಬಯ್ಯಬೇಡಿ.

ಇಂಗ್ಲಿಷಿಗೆ ರಾತ್ರಿ ಒಂದು ಚಿತ್ರದ ಪುಸ್ತಕ ಓದಿ ಹೇಳಿ, ಸಾಕು. ಕಥೆ ಹೇಗೆ ಮುಂದೆ ಹೋಗುತ್ತದೆ ಎಂಬುದು ಅಜ್ಜಿಯ ತುಳು ಕಥೆಯಲ್ಲಿ ತಿಳಿದಿದ್ದರೆ ಇಂಗ್ಲಿಷಿಗೆ ಅದನ್ನು ಮತ್ತೆ ಕಲಿಯಬೇಕಾಗಿಲ್ಲ. ಶಾಲೆಯವರು ಮತ್ತೆ ಕೇಳಿದರೆ 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಮಾತು ಹೇಳಿ. ಸಾಧ್ಯವಿದ್ದಲ್ಲೆಲ್ಲ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತಿನಲ್ಲೋ ಊರಿನ ಭಾಷೆಯಲ್ಲೋ ಪಾಠವೇ ಆಗಲಿ ಎನ್ನುತ್ತದೆ ಅದು. ನೀವು ಕೇಳುತ್ತಿರುವುದು ಅಡುಗೆಮನೆಯ ಮಾತು ಮಾತ್ರ.

ಮಗು ಯಾವ ಭಾಷೆಯಲ್ಲೂ ಸರಿಯಾಗಿ ಮಾತಾಡುವುದಿಲ್ಲ, ಕರೆದರೆ ತಿರುಗುವುದಿಲ್ಲ ಎಂದಿದ್ದರೆ ಕಿವಿ ಪರೀಕ್ಷೆ ಮಾಡಿಸಿ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ನನಗೆ ಕಾಣಲಿಲ್ಲ.